ಖಂಡ, ಸ್ಫುಟಿತ, ಜೀರ್ಣ: ಒಂದು ಹಿತ್ತಿಲ ಕೊಟ್ಟಿಗೆಯ ಲೆಕ್ಕ
(ಬಾನುಲಿ ಭಾಷಣ)

ನಮ್ಮ ನಾಡಿನ ಹಳೆಯ ದಾನಶಾಸನಗಳನ್ನು ಓದುವ ಅಭ್ಯಾಸವುಳ್ಳವರಿಗೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಚಿರಪರಿಚಿತವಾದುದು. ದೇವಾಲಯಕ್ಕೋ ಬಸದಿಗೋ ಭೂಮಿಯನ್ನು ಬಿಡುವಾಗ, ಆ ಭೂಮಿಯ ಉತ್ಪನ್ನ ಯಾವುದಕ್ಕೆ ವಿನಿಯೋಗವಾಗಬೇಕೆಂದು ಶಾಸನ ಎಣಿಸುತ್ತ ಹೋಗುತ್ತದೆ. ದೇವರ ಅಂಗಭೋಗ, ರಂಗಭೋಗ, ತಪಸ್ವಿಗಳ ಆಹಾರದಾನ ಎಂಬ ಸಾಲಿನಲ್ಲಿಯೇ ಖಂಡಸ್ಫುಟಿತ ಜೀರ್ಣೋದ್ಧಾರವೂ ಬರುತ್ತದೆ. ಬಿ. ಎಲ್. ರೈಸ್ ಅವರು 1902 ಮತ್ತು 1904ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಶಿವಮೊಗ್ಗ ಜಿಲ್ಲೆಯ ಎರಡು ಸಂಪುಟಗಳನ್ನು ಬಿಡಿಸಿದರೆ ಈ ಮಾತು ಮತ್ತೆ ಮತ್ತೆ ಎದುರಾಗುತ್ತದೆ. 'ದುರಸ್ತಿ' ಎಂದು ಒಂದೇ ಪದದಲ್ಲಿ ಅರ್ಥ ಹೇಳಿ ಮುಂದೆ ಸಾಗುವುದು ನಮ್ಮ ಅಧ್ಯಾಪಕರ ವಾಡಿಕೆ.

ಆದರೆ ಅಲ್ಲಿರುವುದು ಒಂದು ಪದವಲ್ಲ. ಖಂಡವೆಂದರೆ ಮುರಿದುದು, ಸ್ಫುಟಿತವೆಂದರೆ ಬಿರಿದುದು, ಜೀರ್ಣವೆಂದರೆ ಕಾಲದಿಂದ ಸವೆದುದು. ಮುರಿದುದಕ್ಕೂ ಬಿರಿದುದಕ್ಕೂ ಸವೆದುದಕ್ಕೂ ಒಂದೇ ಮದ್ದಲ್ಲವೆಂಬ ತಿಳಿವಳಿಕೆ ಈ ಸಮಾಸದೊಳಗೆ ಅಡಗಿದೆ. ಇನ್ನೂ ಒಂದು ವಿಶೇಷವುಂಟು. ಕಟ್ಟಡ ಗಟ್ಟಿಯಾಗಿ ನಿಂತಿರುವಾಗಲೇ, ಅದು ಮುಂದೊಂದು ದಿನ ಬಿರಿಯುತ್ತದೆ, ಸವೆಯುತ್ತದೆ ಎಂದು ತಿಳಿದು ಅದರ ವೆಚ್ಚಕ್ಕೆ ದಾನಿಗಳು ದಾರಿ ಮಾಡಿಡುತ್ತಿದ್ದರು. ಈ ಎರಡು ವಿಚಾರಗಳನ್ನು ಕೈಯಲ್ಲಿ ಹಿಡಿದು ಇಂದು ನಾನು ಮಾತನಾಡಬೇಕೆಂದಿರುವುದು ದೇವಾಲಯವನ್ನು ಕುರಿತಲ್ಲ. ಹಿತ್ತಿಲಲ್ಲಿ ಗುದ್ದಲಿ, ಹಾರೆ, ಗೊಬ್ಬರದ ಚೀಲ, ಬೀಜದ ಡಬ್ಬಿಗಳನ್ನಿಡುವ ಒಂದು ಸಣ್ಣ ಕೊಟ್ಟಿಗೆಯನ್ನು ಕುರಿತು. ಹೊಸದಲ್ಲ, ಹಳೆಯದು, ಕೊಂಡು ತಂದು ಮತ್ತೆ ನಿಲ್ಲಿಸಿದ್ದು. ಅದೂ ನಿವೃತ್ತಿವೇತನದ ಮಿತಿಯೊಳಗೆ.

ಮಲೆನಾಡಿನ ಹಳ್ಳಿಗಳಲ್ಲಿ ಈಗ ಹಳೆಯ ಹೆಂಚಿನ ಮನೆಗಳನ್ನೂ ದನದ ಕೊಟ್ಟಿಗೆಗಳನ್ನೂ ಬಿಚ್ಚಿ ಮಾರುವುದು ಸಾಮಾನ್ಯವಾಗಿದೆ. ದನಗಳಿಲ್ಲ, ಅಥವಾ ಮನೆಮಂದಿಯೇ ಪಟ್ಟಣ ಸೇರಿದ್ದಾರೆ, ಇಲ್ಲವೇ ಆ ಜಾಗದಲ್ಲಿ ತಾರಸಿಯ ಮನೆ ಏಳಬೇಕಾಗಿದೆ. ತೀರ್ಥಹಳ್ಳಿಯ ಆಚೆಯ ಒಂದು ಹಳ್ಳಿಯಲ್ಲಿ ಇಂಥ ಒಂದು ಕೊಟ್ಟಿಗೆ ಮಾರಾಟಕ್ಕಿದೆಯೆಂದು ತಿಳಿದು, ಶಿವಮೊಗ್ಗದ ನಮ್ಮ ಬಡಾವಣೆಯ ಬಡಗಿ ಆಚಾರ್ಯರನ್ನು ಕರೆದುಕೊಂಡು ಹೋದೆ. ಹದಿನಾರು ಅಡಿ ಉದ್ದ, ಹತ್ತು ಅಡಿ ಅಗಲ. ಎಂಟು ಕಂಬ, ಎರಡು ಇಳಿಜಾರಿನ ಮಾಡು, ನಾನೂರಕ್ಕೂ ಮಿಕ್ಕಿದ ಮಂಗಳೂರು ಹೆಂಚು. ನನಗೆ ಬೇಕಾಗಿದ್ದುದು ಹತ್ತಕ್ಕೆ ಎಂಟಡಿಯದು. "ಮೇಷ್ಟ್ರೇ, ಹಳೇದು ಕೊಳ್ಳೋವಾಗ ಬೇಕಾದ್ದಕ್ಕಿಂತ ದೊಡ್ಡದು ಕೊಳ್ಳಬೇಕು. ಕೆಟ್ಟದ್ದು ಕಳೆದು ಉಳಿದದ್ದೇ ನಮ್ಮ ಅಳತೆ" ಎಂದು ಆಚಾರ್ಯರು ಹೇಳಿದರು. ಮಿತವ್ಯಯದ ಮೊದಲ ಸೂತ್ರ ಇದೇ. ಒಂದು ಕಂಬ ಕಡಿಮೆಯಾಯಿತೆಂದು ಹೊಸ ಮರಕ್ಕೆ ಅಂಗಡಿಗೆ ಹೋದರೆ, ಅಗ್ಗದಲ್ಲಿ ಕೊಂಡ ಲಾಭವೆಲ್ಲ ಅಲ್ಲಿಯೇ ಕರಗುತ್ತದೆ.

ಹಳೆಯ ಮರವನ್ನು ಪರೀಕ್ಷಿಸುವುದಕ್ಕೆ ದೊಡ್ಡ ಸಲಕರಣೆಗಳು ಬೇಕಿಲ್ಲ. ಒಂದು ದಬ್ಬಣ, ಒಂದು ಸಣ್ಣ ಸುತ್ತಿಗೆ, ಎರಡು ಕಿವಿ ಸಾಕು. ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ಮರ ಖಣಿಲ್ ಎನ್ನುತ್ತದೆ. ಒಳಗೆ ಗೆದ್ದಲು ತಿಂದ ಮರ ಮಂಕಾಗಿ ಸದ್ದು ಮಾಡುತ್ತದೆ. ದಬ್ಬಣವನ್ನು ಒತ್ತಿದಾಗ ಅದು ತುದಿಯಷ್ಟೇ ಇಳಿದು ನಿಂತರೆ ಭಯವಿಲ್ಲ. ಬೆಣ್ಣೆಗೆ ಇಳಿದಂತೆ ಇಳಿದರೆ ಆ ಭಾಗ ಹೋಯಿತೆಂದೇ ತಿಳಿಯಬೇಕು. ಎಲ್ಲ ಕಡೆಯೂ ಚುಚ್ಚುತ್ತ ಕೂರಬೇಕಾಗಿಲ್ಲ. ನೀರು ನಿಲ್ಲುವ ಮತ್ತು ಗಾಳಿಯಾಡದ ಮೂರು ಜಾಗಗಳಲ್ಲಿ ಮರ ಮೊದಲು ಕೆಡುತ್ತದೆ: ಮಣ್ಣನ್ನು ಮುಟ್ಟುವ ಕಂಬದ ಬುಡ, ತೊಲೆಯೂ ಕಂಬವೂ ಕೂಡುವ ಕಚ್ಚು, ಸೂರಿನ ಕಡೆಗೆ ಚಾಚಿದ ಪಕಾಸಿಯ ತುದಿ. ಈ ಮೂರನ್ನು ನೋಡಿದರೆ ಉಳಿದುದನ್ನು ಊಹಿಸಬಹುದು. ಮರದ ಮೇಲೆ ಗುಂಡುಸೂಜಿಯ ತಲೆಯಷ್ಟು ತೂತುಗಳಿದ್ದು, ಕೆಳಗೆ ಹಿಟ್ಟಿನಂಥ ಹೊಸ ಪುಡಿ ಉದುರಿದ್ದರೆ ಹುಳು ಇನ್ನೂ ಒಳಗಿದೆಯೆಂದು ಅರ್ಥ. ತೂತು ಹಳೆಯದಾಗಿ, ಪುಡಿಯಿಲ್ಲದಿದ್ದರೆ ಬಹುಮಟ್ಟಿಗೆ ಅದು ಮುಗಿದ ಕಥೆ.

ಇಲ್ಲಿಯೇ ಶಾಸನದ ಆ ಮೂರು ಪದಗಳು ನನ್ನ ನೆರವಿಗೆ ಬಂದವು. ಬಿಚ್ಚಿದ ಮರಮುಟ್ಟನ್ನು ಮೂರು ರಾಶಿಯಾಗಿ ವಿಂಗಡಿಸಿದೆವು.

ಮೊದಲನೆಯದು ಖಂಡ. ಎಂಟು ಕಂಬಗಳಲ್ಲಿ ಎರಡು ನಡುವಿನವರೆಗೂ ಟೊಳ್ಳಾಗಿದ್ದುವು. ಅವುಗಳಲ್ಲೊಂದು ಬೋದಿಗೆಯ ಕೆತ್ತನೆಯಿಂದ ಕಣ್ಣಿಗೆ ಬಹಳ ಸೊಗಸಾಗಿತ್ತು. ಸೊಗಸು ಭಾರ ಹೊರುವುದಿಲ್ಲ. ಭಾರ ಹೊರಲಾರದ ಮರವನ್ನು ಮಾಡಿನ ಕೆಳಗೆ ನಿಲ್ಲಿಸುವುದೆಂದರೆ, ಅದರ ಕೆಳಗೆ ಓಡಾಡುವವರ ತಲೆಯನ್ನು ಪಣಕ್ಕಿಟ್ಟಂತೆ. ಅದರ ಗಟ್ಟಿಯಾದ ಮೇಲ್ತುದಿಯನ್ನಷ್ಟೇ ಕೊಯ್ದು, ಬಾಗಿಲ ಪಕ್ಕದಲ್ಲಿ ಕುಡುಗೋಲು ತೂಗುಹಾಕುವುದಕ್ಕೆ ಗೋಡೆಗೆ ಬಡಿದದ್ದಾಯಿತು. ಹಳೆಯ ರೀಪುಗಳೆಲ್ಲವೂ ಇದೇ ರಾಶಿಗೆ ಸೇರಿದುವು. ರೀಪು ತೆಳುವಾದ ಪಟ್ಟಿ. ಮೊಳೆ ಕಿತ್ತಾಗ ಸೀಳುತ್ತದೆ. ಅದನ್ನು ಉಳಿಸಿಕೊಳ್ಳಲು ಹೆಣಗುವುದಕ್ಕಿಂತ ಹೊಸದನ್ನು ಕೊಳ್ಳುವುದೇ ಲೇಸು.

ಎರಡನೆಯದು ಸ್ಫುಟಿತ. ಬಿರುಕನ್ನು ಕಂಡೊಡನೆ ಬೆಚ್ಚಬೇಕಾಗಿಲ್ಲ. ಮರ ಒಣಗುವಾಗ ಎಳೆಯ ಉದ್ದಕ್ಕೂ ಬಿಡುವ ಬಿರುಕು ಸಹಜವಾದುದು. ಅಂಥ ಗೆರೆಗಳನ್ನು ಹೊತ್ತ ತೊಲೆಗಳು ಎಷ್ಟೋ ತಲೆಮಾರು ನಿಂತಿವೆ. ಎಳೆಗೆ ಅಡ್ಡಲಾಗಿ ಬಂದ ಬಿರುಕು ಅಪಾಯದ್ದು. ಕಚ್ಚಿನ ಮೂಲೆಯಿಂದ ಹೊರಟ ಬಿರುಕು ಅನುಮಾನದ್ದು. ನಮ್ಮ ತೊಲೆಯೊಂದರಲ್ಲಿ ಈ ಕೊನೆಯ ಬಗೆಯದು ಇತ್ತು. ಆಚಾರ್ಯರು ಆ ತುದಿಯನ್ನು ಕೊಯ್ದು ತೆಗೆದು, ತೊಲೆಯನ್ನೇ ಗಿಡ್ಡ ಮಾಡಿ ಹೊಸ ಕಚ್ಚನ್ನು ತೋಡಿದರು. ದೊಡ್ಡದನ್ನು ಕೊಳ್ಳಬೇಕೆಂಬ ಅವರ ಮಾತಿನ ಬೆಲೆ ಆಗ ಅರಿವಿಗೆ ಬಂದಿತು. ಉಳಿದ ಆರು ಕಂಬಗಳ ಬುಡವೂ ಹಾಗೆಯೇ. ಪ್ರತಿಯೊಂದರಲ್ಲಿಯೂ ಕೊಳೆತ ಒಂದಡಿಯನ್ನು ಕೊಯ್ದುಹಾಕಿ, ಎಂಟಡಿಯ ಕಂಬವನ್ನು ಏಳಡಿಗೆ ಇಳಿಸಿ, ಕಳೆದ ಒಂದಡಿಯನ್ನು ಕಲ್ಲಿನಿಂದ ತುಂಬಿದೆವು.

ಆ ಅಡಿಗಲ್ಲಿನ ವಿಚಾರವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಕೊಟ್ಟಿಗೆಯ ಆಯುಷ್ಯವೆಲ್ಲ ಅಲ್ಲಿಯೇ ನಿರ್ಧಾರವಾಗುತ್ತದೆ. ಮರದ ಕಂಬವನ್ನು ಮಣ್ಣಿನಲ್ಲಿ ಹೂಳಿದರೆ ಮಣ್ಣಿನ ತೇವ ಎಳೆಗಳ ಮೂಲಕ ಮೇಲೇರುತ್ತದೆ. ಸುತ್ತಲೂ ಕಾಂಕ್ರೀಟು ಸುರಿದು ಕಂಬವನ್ನು ಅದರೊಳಗೆ ಸಿಕ್ಕಿಸಿದರೂ ಸುಖವಿಲ್ಲ. ಆ ಬಟ್ಟಲಿನಲ್ಲಿ ಮಳೆಯ ನೀರು ನಿಂತು ಬುಡ ಇನ್ನೂ ಬೇಗ ಕೊಳೆಯುತ್ತದೆ. ಕಂಬ ಕಲ್ಲಿನ ಮೇಲೆ ನಿಲ್ಲಬೇಕು, ಕಲ್ಲಿನ ನೆತ್ತಿ ನೀರು ಹರಿದುಹೋಗುವಷ್ಟು ಇಳಿಜಾರಾಗಿರಬೇಕು, ಕಂಬ ಜಾರದಂತೆ ನಡುವೆ ಒಂದು ಕಬ್ಬಿಣದ ಗೂಟವಿರಬೇಕು. ಕಲ್ಲಿನಿಂದ ಇನ್ನೊಂದು ಉಪಕಾರವೂ ಇದೆ. ಗೆದ್ದಲು ಬೆಳಕಿಗೆ ಅಂಜುವ ಪ್ರಾಣಿ. ನೆಲದಿಂದ ಮರಕ್ಕೆ ಹೋಗಬೇಕಾದರೆ ಮಣ್ಣಿನ ಮುಚ್ಚುದಾರಿಯನ್ನು ಕಟ್ಟಿಕೊಂಡೇ ಹೋಗುತ್ತದೆ. ಒಂದಡಿ ಬರಿಯ ಕಲ್ಲು ಕಾಣುತ್ತಿದ್ದರೆ ಆ ದಾರಿ ನಮ್ಮ ಕಣ್ಣಿಗೆ ಬೀಳುತ್ತದೆ, ಪೊರಕೆಯಿಂದ ಒರೆಸಿಹಾಕಬಹುದು. ಕಲ್ಲು ಗೆದ್ದಲನ್ನು ತಡೆಯುತ್ತದೆ ಎನ್ನುವುದಕ್ಕಿಂತ, ಅದನ್ನು ನಮಗೆ ತೋರಿಸಿಕೊಡುತ್ತದೆ ಎನ್ನುವುದೇ ಸರಿ.

ಮೂರನೆಯ ರಾಶಿ ಜೀರ್ಣ. ಅಂದರೆ ಬಣ್ಣಗೆಟ್ಟು, ಹೊಗೆ ಹಿಡಿದು, ಮೇಲ್ಮೈ ಒರಟಾಗಿ, ಒಳಗೆ ಗಟ್ಟಿಯಾಗಿರುವುದು. ನಮ್ಮ ಮರಮುಟ್ಟಿನಲ್ಲಿ ಹೆಚ್ಚಿನ ಪಾಲು ಇದೇ. ಇದಕ್ಕೆ ಬೇಕಾದುದು ಬದಲಾವಣೆಯಲ್ಲ, ಉಪಚಾರ. ತಂತಿಯ ಬ್ರಷ್ಷಿನಿಂದ ಉಜ್ಜಿ, ನೆರಳಿನಲ್ಲಿ ಒಣಗಿಸಿ, ಎಣ್ಣೆ ಕುಡಿಸುವುದು. ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಹಿಂದಿನಿಂದ ಬಂದದ್ದು ಗೇರುಬೀಜದ ಸಿಪ್ಪೆಯ ಎಣ್ಣೆ. ಗೆದ್ದಲಿಗೆ ಅದು ಒಗ್ಗುವುದಿಲ್ಲ. ನಮ್ಮ ಚರ್ಮಕ್ಕೂ ಒಗ್ಗುವುದಿಲ್ಲ. ಬಿದ್ದಲ್ಲಿ ಬೊಕ್ಕೆ ಏಳುತ್ತದೆ. ಆದುದರಿಂದ ಕೈಗವಸಿಲ್ಲದೆ, ಕಣ್ಣಿಗೆ ಮರೆಯಿಲ್ಲದೆ ಅದನ್ನು ಮುಟ್ಟಬಾರದು. ಕೈ ತಾಗುವ ಬಾಗಿಲು, ಹಲಗೆಗಳಿಗೆ ಅಗಸೆ ಎಣ್ಣೆ ಮೇಲು. ವಾಹನಗಳ ಹಳೆಯ ಎಂಜಿನ್ ಎಣ್ಣೆಯನ್ನು ಬಳಿಯುವ ರೂಢಿಯೂ ಉಂಟು, ಪುಕ್ಕಟೆಯೇನೋ ಹೌದು. ಆದರೆ ಅದು ಮಳೆಯಲ್ಲಿ ತೊಳೆದು ಬಸಳೆ, ಹರಿವೆಯ ಪಾತಿಗೆ ಇಳಿಯುವುದನ್ನು ನೆನೆದರೆ ಆ ಪುಕ್ಕಟೆ ಬೇಡವೆನಿಸುತ್ತದೆ.

ಪುಕ್ಕಟೆಯ ಮಾತು ಬಂದುದರಿಂದ ಎರಡು ಎಚ್ಚರಿಕೆಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆ ಕೊಟ್ಟಿಗೆಯ ಹಿಂಬದಿಗೆ ಇಳಿಸಿದ್ದ ಚಾಚು ಮಾಡಿಗೆ ಹಳೆಯ ಸಿಮೆಂಟ್ ಶೀಟುಗಳನ್ನು ಹೊದಿಸಿದ್ದರು. ಮಾರಿದವರು ಅವನ್ನು ಉಚಿತವಾಗಿ ಒಯ್ಯಿರೆಂದರು. ನಾನು ಒಯ್ಯಲಿಲ್ಲ. ಇಂಥ ಶೀಟುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರಿಗೆ ಕಾರಣವಾಗಬಲ್ಲುದೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಬ್ರಿಟನ್ನಿನಲ್ಲಿ 1999ರಲ್ಲಿಯೇ ಅದರ ಬಳಕೆಯನ್ನು ಪೂರ್ತಿ ನಿಷೇಧಿಸಿದರು. ಶೀಟು ಅಲುಗಾಡದೆ ಇದ್ದಲ್ಲಿ ಇದ್ದಾಗ ಅಪಾಯ ಕಡಿಮೆ. ಅದನ್ನು ಗರಗಸದಿಂದ ಕೊಯ್ದಾಗ, ತೂತು ಕೊರೆದಾಗ, ಮುರಿದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಸೇರಿ ಶ್ವಾಸಕೋಶವನ್ನು ಹೊಗುತ್ತವೆ. ರೋಗ ತಲೆದೋರುವುದು ದಶಕಗಳ ಅನಂತರ. ಹಳೆಯ ಶೀಟನ್ನು ತಂದು ಅಳತೆಗೆ ಕತ್ತರಿಸುವುದು ಮಿತವ್ಯಯವಲ್ಲ. ಸಾಲವನ್ನು ಮಕ್ಕಳ ಹೆಸರಿಗೆ ಬರೆದಂತೆ.

ಎರಡನೆಯದು ಹಳೆಯ ಬಣ್ಣ. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಅಂಶ ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಕೂಡದೆಂಬ ನಿಯಮ 2016ರಲ್ಲಿ ಹೊರಟು 2017ರ ನವೆಂಬರಿನಿಂದ ಜಾರಿಗೆ ಬಂದಿತು. ಅದಕ್ಕೆ ಹಿಂದಿನ ಬಾಗಿಲು ಕಿಟಕಿಗಳ ಹಸಿರು, ಹಳದಿ ಬಣ್ಣಗಳಲ್ಲಿ ಸೀಸ ಎಷ್ಟಿತ್ತೆಂದು ನೋಡಿ ಹೇಳಲಾಗದು. ಅವನ್ನು ಒಣಗಿದಂತೆಯೇ ಉಪ್ಪುಕಾಗದದಿಂದ ಉಜ್ಜಿ ಧೂಳೆಬ್ಬಿಸಬಾರದು, ಬೆಂಕಿ ಹಿಡಿದು ಸುಡಬಾರದು. ನೀರಿನಲ್ಲಿ ನೆನೆಸಿ ಹೆರೆದು, ಹೆರೆದುದನ್ನು ಕಾಗದದಲ್ಲಿ ಕಟ್ಟಿ ತೆಗೆಯಬೇಕು. ಆಡುವ ಮೊಮ್ಮಕ್ಕಳನ್ನು ಆ ಹೊತ್ತಿನಲ್ಲಿ ಹತ್ತಿರ ಬಿಟ್ಟುಕೊಳ್ಳಬಾರದು. ಸೀಸದ ಕೆಡುಕು ಎಲ್ಲರಿಗಿಂತ ಹೆಚ್ಚು ತಟ್ಟುವುದು ಅವರಿಗೇ.

ಇನ್ನು ಹೆಂಚು. ಮಂಗಳೂರು ಹೆಂಚು ಎಂದು ನಾವು ಕರೆಯುವ ಈ ಚಪ್ಪಟೆ ಹೆಂಚು ಬಾಸೆಲ್ ಮಿಷನ್ನಿನ ಕೊಡುಗೆ. ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿಯ ಪ್ರಯತ್ನದಿಂದ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಅದರ ಕಾರ್ಖಾನೆ ಆರಂಭವಾಯಿತು. ಅದಕ್ಕೆ ಮುಂಚೆ ಇದ್ದುದು ಕುಂಬಾರರು ಕೈಯಿಂದ ಮಾಡುತ್ತಿದ್ದ ಅರ್ಧಗೊಳವೆಯಂಥ ನಾಡಹೆಂಚು. ಮಂಗಳೂರು ಹೆಂಚಿನ ಹೆಚ್ಚುಗಾರಿಕೆ ಅದರ ಅಂಚುಗಳಲ್ಲಿರುವ ತೋಡುಗಳಲ್ಲಿದೆ. ಒಂದರ ಅಂಚು ಇನ್ನೊಂದರ ತೋಡಿಗೆ ಕೂತು, ಮಳೆಯ ನೀರನ್ನು ಒಳಗೆ ಬಿಡದೆ ಕೆಳಕ್ಕೆ ದಾಟಿಸುತ್ತದೆ. ಆ ಕಾರಣದಿಂದಲೇ ಬಿಚ್ಚಿದ ಹೆಂಚನ್ನು ಇನ್ನೊಂದು ಮಾಡಿಗೆ ಹೊದಿಸಬಹುದು. ಒಂದೇ ಕಾರ್ಖಾನೆಯ ಹೆಂಚುಗಳನ್ನು ಒಂದು ಇಳಿಜಾರಿಗೆ ಬಳಸಬೇಕು. ಬೇರೆ ಬೇರೆ ಅಚ್ಚಿನವು ಒಂದಕ್ಕೊಂದು ಸರಿಯಾಗಿ ಕಚ್ಚುವುದಿಲ್ಲ. ಹೆಂಚಿನ ಮೇಲೆ ಒತ್ತಿರುವ ಕಾರ್ಖಾನೆಯ ಹೆಸರನ್ನು ಓದಿ ವಿಂಗಡಿಸುವುದು ನನ್ನ ಪಾಲಿಗೆ ಬಂದ ಕೆಲಸ. ಶಾಸನ ಓದಿದ ಕಣ್ಣಿಗೆ ಅದು ಅಷ್ಟು ಕಷ್ಟದ್ದೂ ಅಲ್ಲ, ಬೇಸರದ್ದೂ ಅಲ್ಲ.

ಹೆಂಚನ್ನು ಒಂದು ಕೈಯಲ್ಲಿ ತೂಗಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿದರೆ ಒಳ್ಳೆಯದು ಗಂಟೆಯಂತೆ ನುಡಿಯುತ್ತದೆ, ಬಿರಿದದ್ದು ಮೊಟಕಾಗಿ ಸದ್ದು ಮಾಡಿ ಸುಮ್ಮನಾಗುತ್ತದೆ. ಪಾಚಿಯನ್ನು ತೆಂಗಿನ ನಾರಿನ ಬ್ರಷ್ಷಿನಿಂದ ಉಜ್ಜಬೇಕು. ರಭಸದ ನೀರನ್ನು ಹಾಯಿಸಿದರೆ ಹೆಂಚಿನ ಮೇಲ್ಪದರ ಏಳುತ್ತದೆ. ನೂರು ಚದರಡಿ ಮಾಡಿಗೆ, ಒಡೆಯುವುದನ್ನೂ ಸೇರಿಸಿ, ಸುಮಾರು 150 ಹೆಂಚು ಬೇಕು. ಹತ್ತಕ್ಕೆ ಎಂಟಡಿಯ ಕೊಟ್ಟಿಗೆಯಾದರೂ ಸುತ್ತ ಒಂದೂವರೆ ಅಡಿ ಸೂರು ಚಾಚಿ, ಮೂವತ್ತು ಡಿಗ್ರಿಯ ಇಳಿಜಾರು ಕೊಟ್ಟಾಗ ಮಾಡು 165 ಚದರಡಿಯಾಯಿತು. 250 ಹೆಂಚು ಹಿಡಿಯಿತು. ಇಳಿಜಾರಿನಲ್ಲಿ ಜಿಪುಣತನ ಸಲ್ಲದು. ಮಾಡು ಚಪ್ಪಟೆಯಾದಷ್ಟೂ ಗಾಳಿಮಳೆ ತೋಡುಗಳನ್ನು ದಾಟಿ ಒಳನುಗ್ಗುತ್ತದೆ. ರೀಪುಗಳ ನಡುವಿನ ಅಂತರವನ್ನು ಪುಸ್ತಕ ನೋಡಿ ಇಡಬಾರದು. ನಮ್ಮದೇ ಹೆಂಚುಗಳನ್ನು ನೆಲದ ಮೇಲೆ ಒಂದಕ್ಕೊಂದು ಕಚ್ಚಿಸಿ ಅಳೆದು ಇಡಬೇಕು. ನಡುವೆ ಒಂದೆರಡು ಗಾಜಿನ ಹೆಂಚು ಸೇರಿಸಿದರೆ ಹಗಲಿನಲ್ಲಿ ದೀಪ ಬೇಡ.

ಬಿಚ್ಚುವ ಮೊದಲು ಪ್ರತಿಯೊಂದು ಮರಕ್ಕೂ ಗುರುತು ಹಾಕುವುದನ್ನು ಮರೆಯಕೂಡದು. ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಚಿತ್ರ ತೆಗೆದರೂ ಮರದ ಮೇಲಿನ ಗುರುತಿಗೆ ಅದು ಸಮವಲ್ಲ. ಪೂರ್ವಕ್ಕೆ ಪೂ, ಪಶ್ಚಿಮಕ್ಕೆ ಪ, ಉತ್ತರಕ್ಕೆ ಉ, ದಕ್ಷಿಣಕ್ಕೆ ದ ಎಂದು ಅಕ್ಷರವಿಟ್ಟು ಪಕ್ಕದಲ್ಲಿ ಅಂಕೆ ಬರೆದೆವು. ಬರೆಯಲು ಹೋದಾಗ ಕಚ್ಚುಗಳ ಬಳಿ ಉಳಿಯಿಂದ ಕೆತ್ತಿದ ಗೀರುಗಳು ಕಂಡುವು: ಒಂದು ಗೀರಿನ ಕಂಬಕ್ಕೆ ಒಂದು ಗೀರಿನ ತೊಲೆ, ಎರಡಕ್ಕೆ ಎರಡು. ಮೊದಲು ಕಟ್ಟಿದ ಬಡಗಿ ತನ್ನ ಅನುಕೂಲಕ್ಕೆ ಹಾಕಿಕೊಂಡ ಲೆಕ್ಕ. ಅವನ ಹೆಸರು ಯಾರಿಗೂ ಗೊತ್ತಿಲ್ಲ. ಆಚಾರ್ಯರು ಆ ಗೀರುಗಳ ಮೇಲೆ ಬೆರಳಾಡಿಸಿ, "ನಮ್ಮ ಕಡೆಯವರ ಕೈ ಇದು ಮೇಷ್ಟ್ರೇ. ಈಗಿನ ಹುಡುಗರು ಕಚ್ಚು ತೋಡೋದಿಲ್ಲ, ತಗಡು ಬಡಿದು ನಟ್ಟು ಬಿಗೀತಾರೆ" ಎಂದರು. ಅವರ ಮಗ ಬೆಂಗಳೂರಿನಲ್ಲಿ ಬೇರೆ ಉದ್ಯೋಗದಲ್ಲಿದ್ದಾನೆ. ಹಳೆಯ ಮರ ಇನ್ನೂ ಸಿಗುತ್ತದೆ. ಅದನ್ನು ಓದಬಲ್ಲ ಕೈ ಇನ್ನೆಷ್ಟು ಕಾಲ ಸಿಕ್ಕೀತು ಎಂಬುದು ನನ್ನ ಮನಸ್ಸನ್ನು ಹಿಡಿದ ಪ್ರಶ್ನೆ. ಕಟ್ಟುವುದನ್ನು ಕಲಿಸುವ ವಿದ್ಯಾಲಯಗಳು ಬೇಕಾದಷ್ಟಿವೆ. ಬಿಚ್ಚುವುದೂ ಒಂದು ವಿದ್ಯೆಯೆಂದು ಬಲ್ಲವರು ಕಡಿಮೆ.

ಕೆಲಸಕ್ಕೆ ಕಾಲ ಜನವರಿ, ಫೆಬ್ರವರಿ. ಮರ ಒಣಗಿರುತ್ತದೆ, ಮೇ ತಿಂಗಳ ಗುಡುಗು ಮಳೆಗೆ ಮುಂಚೆ ಹೆಂಚು ಏರಿರುತ್ತದೆ. ಮರ ಸಾಗಿಸುವ ಮುನ್ನ ಮಾರಿದವರಿಂದ ರಸೀತಿ ಪಡೆದು, ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ. ಹಳೆಯದಾದರೂ ಮರ ಮರವೇ.

ಈಗ ಲೆಕ್ಕ. ಕೊಟ್ಟಿಗೆಗೆ ಕೊಟ್ಟದ್ದು 12,000 ರೂಪಾಯಿ. ಸಾಗಾಣಿಕೆ 3,500. ಬಿಚ್ಚಿದ ದಿನವೂ ಸೇರಿ ಆರು ದಿನ ಆಚಾರ್ಯರಿಗೂ ಅವರ ಸಹಾಯಕನಿಗೂ ಕೂಲಿ 12,000. ಅಡಿಗಲ್ಲು ಮತ್ತು ನೆಲಗಟ್ಟು 6,000. ಹೊಸ ರೀಪು 4,500. ಮೊಳೆ, ಬೋಲ್ಟು, ಎಣ್ಣೆ 2,000. ಒಟ್ಟು 40,000. ಕೊಂಡ ಬೆಲೆ ಒಟ್ಟಿನಲ್ಲಿ ಮೂರನೆಯ ಒಂದು ಪಾಲೂ ಇಲ್ಲವೆಂಬುದನ್ನು ಗಮನಿಸಬೇಕು. ಅಗ್ಗವಾಗಿ ಸಿಕ್ಕಿತೆಂದು ಕೊಳ್ಳುವವರು ಮರೆಯುವುದು ಉಳಿದ ಎರಡು ಪಾಲನ್ನು. ತಗಡಿನ ಕೊಟ್ಟಿಗೆಯಾಗಿದ್ದರೆ ಇದಕ್ಕಿಂತ ಬೇಗನೆ ಮುಗಿಯುತ್ತಿತ್ತು, ಪ್ರಾಯಶಃ ಕಡಿಮೆಯಲ್ಲಿಯೂ ಆಗುತ್ತಿತ್ತು. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಕೆಳಗೆ ಕುಳಿತು ಬೀಜ ಆರಿಸುವುದು ಸಾಧ್ಯವಿಲ್ಲ. ತಗಡು ತುಕ್ಕು ಹಿಡಿದಾಗ ಶೀಟನ್ನೇ ಬದಲಿಸಬೇಕು. ಹೆಂಚು ಒಡೆದಾಗ ಒಂದನ್ನು ಬದಲಿಸಿದರೆ ಸಾಕು. ಅದಕ್ಕೆಂದೇ ಮೂವತ್ತು ಹೆಂಚುಗಳನ್ನು ಗೋಡೆಗೆ ಒರಗಿಸಿ ಇಟ್ಟುಕೊಂಡಿದ್ದೇನೆ.

ಇಷ್ಟಾದ ಮೇಲೆ ಶಾಸನದ ಎರಡನೆಯ ಪಾಠ ಉಳಿಯಿತು. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಒಬ್ಬ ಆಳು ಒಂದು ದಿನ ಮಾಡು ಹತ್ತಿ ಜರುಗಿದ ಹೆಂಚನ್ನು ಕೂರಿಸಿ, ಕಸ ಗುಡಿಸಿ, ಕಂಬಗಳಿಗೆ ಎಣ್ಣೆ ಬಳಿಯಬೇಕು. ಆಳಿಗೆ 800, ಎಣ್ಣೆಗೆ 400. ಒಟ್ಟು 1,200 ರೂಪಾಯಿ. 20,000 ರೂಪಾಯಿಯನ್ನು ಬ್ಯಾಂಕಿನಲ್ಲಿ ಕಾಯಂ ಠೇವಣಿಯಾಗಿ ಇಟ್ಟಿದ್ದೇನೆ. ಬಡ್ಡಿ ನೂರಕ್ಕೆ ಆರರಂತೆ ಹಿಡಿದರೂ ಅಷ್ಟು ಹುಟ್ಟುತ್ತದೆ. ಮಗಳು ನಕ್ಕು, "ಅಪ್ಪ, ಕೊಟ್ಟಿಗೆಗೂ ಪಿಂಚಣಿಯೇ?" ಎಂದಳು. ಪಿಂಚಣಿಯಲ್ಲ, ದತ್ತಿ.

ನಮ್ಮ ಊರುಗಳಲ್ಲಿ ಶಾಲೆ, ವಾಚನಾಲಯ, ಸಮುದಾಯ ಭವನಗಳ ಬಾಗಿಲಲ್ಲಿ ಇಂದಿಗೂ ಕಲ್ಲುಗಳಿವೆ. ಯಾರು ಶಂಕುಸ್ಥಾಪನೆ ಮಾಡಿದರು, ಯಾರು ಉದ್ಘಾಟಿಸಿದರು ಎಂಬುದು ಅವುಗಳ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಆ ಕಲ್ಲಿನ ನೇರ ಮೇಲೆ ಸೋರುವ ಮಾಡಿಗೆ ವರ್ಷಕ್ಕೆ ಎಷ್ಟು ಹಣ, ಯಾವ ಮೂಲದಿಂದ ಬರಬೇಕೆಂಬ ಒಂದು ಸಾಲನ್ನು ನಾನಂತೂ ಇದುವರೆಗೆ ಯಾವುದರ ಮೇಲೆಯೂ ಓದಿಲ್ಲ. ಎಂಟುನೂರು, ಒಂಬೈನೂರು ವರ್ಷಗಳ ಹಿಂದಿನ ಕಲ್ಲುಗಳು ಅದನ್ನು ಬರೆದುಕೊಂಡಿವೆ. ಕಟ್ಟುವವನಿಗೆ ಕೀರ್ತಿ ಸಹಜವಾಗಿಯೇ ಬರುತ್ತದೆ. ಹೆಂಚು ಕೂರಿಸುವವನ ಕೂಲಿಯನ್ನು ಕಲ್ಲಿನ ಮೇಲೆ ಬರೆಯಿಸಿದ ಆ ಹಿರಿಯರ ಲೌಕಿಕ ವಿವೇಕ ನಮಗೆ ಇನ್ನೂ ಬರಬೇಕಾಗಿದೆ.